‘ಸಾರ್ ಹತ್ರ ಇರುತ್ತೆ’ ಅನ್ನುವ ಮಾತು

ಎಲ್ಲರಿಗೂ ನಮಸ್ಕಾರ.

ಮಳೆ ಹಿಂದಾಯಿತು ಅಂದರೆ ಸಾಕು, ನಮ್ಮ ಮೈಸೂರು, ಮಂಡ್ಯದ ಶಾಲೆಗಳಲ್ಲಿ ಬೆಟ್ಟದ ಮಾತು ಶುರು. ಕುಂತಿ ಬೆಟ್ಟ, ಕರಿಘಟ್ಟ, ಮೇಲುಕೋಟೆ. ಇನ್ನೂ ಉತ್ಸಾಹ ಇದ್ದವರು ಕೊಡಗಿಗೆ ಹೋಗಿ ತಡಿಯಂಡಮೋಳ್. ಮಕ್ಕಳನ್ನು ಕಳಿಸಿ, ಖಂಡಿತ ಕಳಿಸಿ. ಆದರೆ ಹೊರಡುವ ಹಿಂದಿನ ದಿನ ಯಾವ ಮಗುವನ್ನು ಕೇಳಿದರೂ ನನಗೆ ಸಿಗುವ ಉತ್ತರ ಒಂದೇ. ಟಾರ್ಚ್ ಇಟ್ಟುಕೊಂಡೆಯಾ ಪುಟ್ಟ? ‘ಸಾರ್ ಹತ್ರ ಇರುತ್ತೆ.’ ಬ್ಯಾಂಡೇಜು? ‘ಮಿಸ್ ಹತ್ರ ಇರುತ್ತೆ.’ ಈ ಮಾತು ಮಕ್ಕಳ ಬಾಯಿಂದ ಹೋಗಬೇಕು. ಅದಕ್ಕೇ ನಾನು ಇವತ್ತು ಇಲ್ಲಿಗೆ ಬಂದದ್ದು.

ನಲವತ್ತು ಮಕ್ಕಳು ಬೆಟ್ಟ ಹತ್ತುವಾಗ ಸಾಲು ಉಳಿಯುವುದಿಲ್ಲ. ಚುರುಕಿನವರು ಮುಂದೆ ಓಡುತ್ತಾರೆ, ಹೊಸ ಷೂ ಕಚ್ಚಿದವರು ಹಿಂದೆ ಉಳಿಯುತ್ತಾರೆ, ಮೇಷ್ಟ್ರು ನಡುವೆ ಎಲ್ಲೋ ಇರುತ್ತಾರೆ. ಪ್ರಥಮ ಚಿಕಿತ್ಸೆಯ ದೊಡ್ಡ ಡಬ್ಬ ಬಸ್ಸಿನ ಸೀಟಿನ ಕೆಳಗೆ. ಪೆಟ್ಟಾಗುವುದು ಮಾತ್ರ ಇವರ‍್ಯಾರೂ ಇಲ್ಲದ ತಿರುವಿನಲ್ಲಿ.

ಕುಂತಿ ಬೆಟ್ಟದಲ್ಲಿ ನಡೆದದ್ದನ್ನು ಇಲ್ಲಿ ಕೆಲವರು ಮೊದಲೇ ಕೇಳಿದ್ದೀರಿ. ಇರಲಿ, ಇನ್ನೊಮ್ಮೆ ಕೇಳಿ. ಬೆಟ್ಟದ ಪಕ್ಕದ ಪಾಂಡವಪುರಕ್ಕೆ ಬ್ರಿಟಿಷರು ಫ್ರೆಂಚ್ ರಾಕ್ಸ್ ಅನ್ನುತ್ತಿದ್ದರಲ್ಲ, ಆ ‘ರಾಕ್ಸ್’ ಎಂಥವು ಅಂತ ಹತ್ತಿದವರಿಗೇ ಗೊತ್ತು. ಮನೆಯಷ್ಟು ದೊಡ್ಡ ಬಂಡೆಗಳು, ನಡುನಡುವೆ ಆಳದ ಸಂದು. ಎಂಟನೇ ತರಗತಿಯ ಒಬ್ಬ ಹುಡುಗ ಅಂಥ ಸಂದಿಗೆ ಜಾರಿಬಿಟ್ಟ. ಕಾಲು ಉಳುಕಿತು, ಹತ್ತಿ ಬರಲು ಆಗಲಿಲ್ಲ. ಕೂಗಿದ. ಬಂಡೆಗಳ ನಡುವೆ ಕೂಗು ಎಲ್ಲಿಂದ ಬರುತ್ತಿದೆ ಅಂತ ತಿಳಿಯುವುದಿಲ್ಲ. ಮೇಲಿದ್ದವರು ಕೆಳಗೆ ಹುಡುಕಿದರು, ಕೆಳಗಿದ್ದವರು ಮೇಲೆ ನೋಡಿದರು. ಅಷ್ಟರಲ್ಲಿ ಅವನ ಗಂಟಲು ಕಟ್ಟಿತು.

ಅವನ ಅಪ್ಪ ಬಸ್ ಕಂಡಕ್ಟರು. ಮಗ ಹೊರಡುವಾಗ ತಮ್ಮ ಹಳೆಯ ಸೀಟಿಯನ್ನು ಷೂ ಲೇಸಿನಲ್ಲಿ ಅವನ ಚೀಲದ ಪಟ್ಟಿಗೆ ಬಿಗಿಯಾಗಿ ಕಟ್ಟಿದ್ದರು. ಒಂದು ನಿಮಿಷದಲ್ಲಿ ಆರು ಸಲ ಊದು, ಒಂದು ನಿಮಿಷ ಸುಮ್ಮನಿರು, ಮತ್ತೆ ಆರು ಊದು ಅಂತ ಹೇಳಿಕೊಟ್ಟಿದ್ದರು. ಗುಡ್ಡಗಾಡಿನಲ್ಲಿ ಸಹಾಯ ಕೇಳುವ ಲೆಕ್ಕವೇ ಅದು. ಮೂರು ಸಲ ಊದಿದರೆ ‘ಕೇಳಿಸಿತು’ ಅಂತ ಉತ್ತರ. ಹುಡುಗ ಹಾಗೇ ಊದಿದ. ಕೆಳಗೆ ಮೇಕೆ ಮೇಯಿಸುತ್ತಿದ್ದ ಯಜಮಾನರೊಬ್ಬರು ಮೊದಲು, ‘ಇದ್ಯಾವ ಬಸ್ಸಪ್ಪಾ ಬೆಟ್ಟದ ಮ್ಯಾಕೆ ಬಂತು’ ಅಂದುಕೊಂಡರಂತೆ. ಆಮೇಲೆ ನನಗೆ ಹೇಳಿದರು: ‘ಆಟಕ್ಕೆ ಊದೋ ಐಕ್ಳು ಹಿಂಗೆ ಎಣ್ಸಿ ಊದಾಕಿಲ್ಲ ಸೋಮಿ. ಏನೋ ಆಗದೆ ಅಂತ ಓಡಿದೆ.’ ಹುಡುಗ ಸಿಕ್ಕಿದ. ಕ್ರೇಪ್ ಬ್ಯಾಂಡೇಜ್ ಎಲ್ಲಿತ್ತು? ಸಾರ್ ಹತ್ರ. ಅಂದರೆ ಬಸ್ಸಿನಲ್ಲಿ. ಕಾಲಿಗೆ ಕಟ್ಟಿದ್ದು ಆ ಯಜಮಾನರ ಹೆಗಲ ಮೇಲಿನ ಟವೆಲ್ಲು.

ಆದ್ದರಿಂದ ಸೀಟಿ ಚೀಲದ ಒಳಗಲ್ಲ, ಹೊರಗೆ ಪಟ್ಟಿಯ ಮೇಲೆ, ಬಾಯಿಗೆ ಎಟಕುವ ಹಾಗೆ ಇರಬೇಕು. ಟಾರ್ಚ್ ಬೇರೆಯೇ ಬೇಕು. ಮೊಬೈಲಿನ ಬೆಳಕನ್ನೇ ನಂಬಿದರೆ 112ಕ್ಕೆ ಕರೆ ಮಾಡುವ ಹೊತ್ತಿಗೆ ಚಾರ್ಜ್ ಇರುವುದಿಲ್ಲ. ತಲೆಗೆ ಕಟ್ಟುವ ಟಾರ್ಚ್ ಆದರೆ ಎರಡೂ ಕೈ ಖಾಲಿ ಇರುತ್ತವೆ. ಬದಲಿ ಸೆಲ್ಲುಗಳನ್ನು ಒದ್ದೆಯಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ.

ಓಆರ್‌ಎಸ್ ವಿಷಯ ಒಂದು ನಿಮಿಷ. ದೊಡ್ಡ ಪೊಟ್ಟಣ ಅಂದರೆ ಪೂರ್ತಿ ಒಂದು ಲೀಟರ್ ನೀರಿಗೆ. ಮಕ್ಕಳು ಅರ್ಧ ಬಾಟಲಿಗೆ ಇಡೀ ಪೊಟ್ಟಣ ಸುರಿದು ಶರಬತ್ತಿನಂತೆ ಕುಡಿಯುತ್ತಾರೆ. ಹಾಗೆ ಗಟ್ಟಿಯಾದದ್ದು ಒಳ್ಳೆಯದಕ್ಕಿಂತ ಕೆಟ್ಟದ್ದೇ ಮಾಡೀತು. ಮನೆಯಲ್ಲೇ ಒಮ್ಮೆ ಮಗುವಿನ ಕೈಯಿಂದ, ಮಗು ಒಯ್ಯುವ ಬಾಟಲಿಯಲ್ಲೇ ಕಲಸಿಸಿ.

ಹಾವಿಗೆ ಕಿಟ್ಟಿನಲ್ಲಿ ಔಷಧಿ ಇಲ್ಲ. ಅದು ಇರುವುದು ಆಸ್ಪತ್ರೆಯಲ್ಲಿ. ನಮ್ಮ ಕಡೆಯ ನಾಗರ, ಕಟ್ಟುಹಾವು, ಕೊಳಕುಮಂಡಲ ಮೂರಕ್ಕೂ ಅಲ್ಲಿ ಕೊಡುವುದು ಒಂದೇ ಚುಚ್ಚುಮದ್ದು. ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. ಕಚ್ಚಿದ ಕಾಲು ಅಲುಗದ ಹಾಗೆ ಕೋಲು ಕೊಟ್ಟು ಕಟ್ಟಿ, ನಡೆಸದೆ ಹೊತ್ತು ತನ್ನಿ, 108ಕ್ಕೆ ಫೋನ್ ಮಾಡಿ. ಪಾದ ಪೂರ್ತಿ ಮುಚ್ಚುವ ಷೂ ಮತ್ತು ಕೈಯಲ್ಲಿ ಬೆಳಕು, ಹಾವಿನಿಂದ ಕಾಯುವ ಸಾಮಾನು ಇವೇ. ಅವು ಮಗುವಿನ ಮೈಮೇಲೆ ಇರಬೇಕು. ಮತ್ತೆ ಅದೇ ಮಾತಿಗೆ ಬಂದೆ ನೋಡಿ.

ಹೆಜ್ಜೇನು ಬಂಡೆಯ ಚಾಚಿನಲ್ಲೂ ಗೂಡು ಕಟ್ಟುತ್ತದೆ. ಸೆಂಟು ಹಾಕಿಕೊಂಡು ಹೋಗಬೇಡಿ, ಬೆಂಕಿ ಹಚ್ಚಬೇಡಿ, ಕಲ್ಲು ಹೊಡೆಯಬೇಡಿ. ಒಂದು ದೊಡ್ಡ ಹತ್ತಿಬಟ್ಟೆ ಪ್ರತಿ ಚೀಲದಲ್ಲೂ ಮೇಲೇ ಇರಲಿ. ಜೇನು ಎದ್ದರೆ ಮುಖ ತಲೆ ಮುಚ್ಚಿಕೊಂಡು ಓಡಬೇಕು, ಕೈ ಬೀಸುತ್ತಾ ನಿಲ್ಲಬಾರದು. ಮುಳ್ಳನ್ನು ಆದಷ್ಟು ಬೇಗ ಕೆರೆದು ತೆಗೆಯಬೇಕು.

ಚೀಟಿ ಬಂತು. ಐದು ನಿಮಿಷ ಇದೆಯಂತೆ. ಟೆಂಟಿನ ವಿಷಯ ಬಿಡುತ್ತೇನೆ.

ನೀರಿನ ಮಾತನ್ನು ಬಿಡಲಾರೆ. ಬಲಮುರಿ, ಮುತ್ತತ್ತಿ. ಅಲ್ಲಿಂದ ಬಂದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ, ಕೆಲವರು ಆ ಮನೆಗಳಿಗೂ ಹೋಗಿ ಬಂದಿದ್ದೇವೆ. ಮೇಲೆ ತಿಳಿಯಾಗಿ ಕಾಣುವ ಕಾವೇರಿ ಒಳಗೆ ಹೇಗಿದ್ದಾಳೆ ಅಂತ ದಡದಲ್ಲಿ ನಿಂತವರಿಗೆ ತಿಳಿಯದು. ಲೈಫ್ ಜಾಕೆಟ್ ಇಲ್ಲದೆ, ಆ ಜಾಗ ಬಲ್ಲವರು ಜೊತೆಗಿಲ್ಲದೆ, ಮೊಣಕಾಲುದ್ದದ ನೀರಿಗೂ ಮಕ್ಕಳನ್ನು ಇಳಿಸಬೇಡಿ.

ಮತ್ತೆ, ತಾಯಂದಿರೇ, ಚೀಲವನ್ನು ನೀವು ತುಂಬಬೇಡಿ. ಪಕ್ಕದಲ್ಲಿ ಕೂತು ಮಗುವಿನ ಕೈಯಲ್ಲೇ ತುಂಬಿಸಿ. ಅಮ್ಮ ತುಂಬಿದ ಚೀಲದಲ್ಲಿ ಬ್ಯಾಂಡೇಜ್ ಯಾವ ಜೇಬಿನಲ್ಲಿದೆ ಅಂತ ಮಗುವಿಗೆ ಗೊತ್ತಿರುವುದಿಲ್ಲ, ಕತ್ತಲಲ್ಲಿ ಅಂತೂ ಸಿಗುವುದೇ ಇಲ್ಲ. ಭಾರ ಆಗುತ್ತದೆ ಅಂತ ಹೆದರಬೇಡಿ. ನೀರು ಬಿಟ್ಟರೆ ನಾನು ಹೇಳಿದ್ದೆಲ್ಲ ಸೇರಿ ಒಂದು ಕೆಜಿ ಆಗುವುದಿಲ್ಲ.

ಕೊನೆಯದಾಗಿ, ಆಸ್ತಮಾ ಇರುವ ಮಗುವಿನ ಇನ್‌ಹೇಲರ್ ಮಗುವಿನ ಜೇಬಿನಲ್ಲೇ ಇರಬೇಕು, ಇನ್ನೊಂದು ಮೇಷ್ಟ್ರ ಬಳಿ. ಯಾವ ಔಷಧಿ ಒಗ್ಗುವುದಿಲ್ಲ, ಮನೆಯ ನಂಬರ್ ಏನು ಅಂತ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಅಂಥ ಮಕ್ಕಳ ತಂದೆತಾಯಿ ಇಲ್ಲಿದ್ದರೆ ಸಭೆ ಮುಗಿದ ಮೇಲೆ ಹೋಗಿಬಿಡಬೇಡಿ. ನಾನು ಇಲ್ಲೇ ವೇದಿಕೆಯ ಪಕ್ಕದಲ್ಲಿರುತ್ತೇನೆ, ಒಬ್ಬೊಬ್ಬರ ಜೊತೆಯೂ ಕೂತು ಮಾತಾಡೋಣ.

ನಮಸ್ಕಾರ.