ಒಂದು ಮಾರು ಬಿಡಿ, ಇಲ್ಲಾಂದ್ರೆ ಹಿಂದೆ ಬನ್ನಿ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಮೈಸೂರಿನಲ್ಲಿ 26 ವರ್ಷದಿಂದ ಜನರಿಗೆ ಕಾರು ಓಡಿಸೋದು ಕಲಿಸುತ್ತಿದ್ದೇನೆ. ಆದರೆ ಬೆಳಿಗ್ಗೆ ಮನೆಯಿಂದ ಕ್ಲಾಸಿಗೆ ಹೋಗೋದು ಸೈಕಲ್‌ನಲ್ಲಿ. ಬೀದಿಯವರು ಮೊದಮೊದಲು ‘ಏನ್ ಸಾರ್, ಕಾರು ಮಾರಿಬಿಟ್ರಾ?’ ಅಂತ ಕೇಳುತ್ತಿದ್ದರು. ಈಗ ಕೇಳೋದು ಬಿಟ್ಟಿದ್ದಾರೆ. ಹೀಗಾಗಿ ಕಾರಿನವರು ಸೈಕಲ್‌ನವರನ್ನು ಹೇಗೆ ಬೈತಾರೆ ಅನ್ನೋದೂ ನನಗೆ ಗೊತ್ತು, ಸೈಕಲ್‌ನವರು ಕಾರಿನವರನ್ನು ಹೇಗೆ ಬೈತಾರೆ ಅನ್ನೋದೂ ಗೊತ್ತು. ಎರಡನ್ನೂ ರೇಡಿಯೋದಲ್ಲಿ ಹೇಳೋ ಹಾಗಿಲ್ಲ.

ಈ ಹೊತ್ತಿನಲ್ಲಿ ಯಾರು ಕೇಳುತ್ತಿರುತ್ತೀರಿ ಅಂತ ಊಹೆ ಮಾಡಬಲ್ಲೆ. ಒಬ್ಬರು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದೀರಿ, ಇನ್ನೊಬ್ಬರು ಆಫೀಸಿಗೆ ಹೊರಟು ಕಾರಿನಲ್ಲಿ ಕೂತಿದ್ದೀರಿ. ಮಗ ಸೈಕಲ್ ಹತ್ತಿ ಟ್ಯೂಷನ್‌ಗೆ ಹೋಗಿದ್ದಾನೆ. ಅಪ್ಪ ಇನ್ನೊಂದು ರಸ್ತೆಯಲ್ಲಿ ಬೇರೆಯವರ ಮಗನಿಗೆ ಹಾರ್ನ್ ಹೊಡೀತಿದ್ದಾರೆ.

ನಾನು ಹೇಳೋದು ಒಂದೇ ಮಾತು. ಸೈಕಲ್ ದಾಟಿ ಹೋಗುವಾಗ ಒಂದು ಮಾರು ಜಾಗ ಬಿಡಿ. ಜಾಗ ಇಲ್ಲಾಂದ್ರೆ ಹಿಂದೆ ಬನ್ನಿ. ಮಾರು ಅಂದ್ರೆ ಗೊತ್ತಲ್ವಾ? ಎರಡೂ ಕೈ ಅಗಲಕ್ಕೆ ಚಾಚಿ ಹೂವು ಅಳೀತಾರಲ್ಲ, ಅದು. ಏನಿಲ್ಲಾಂದ್ರೂ ಒಂದೂವರೆ ಮೀಟರ್. ಜರ್ಮನಿಯಲ್ಲಿ ಊರೊಳಗೆ ಸೈಕಲ್ ದಾಟುವಾಗ ಒಂದೂವರೆ ಮೀಟರ್ ಬಿಡಲೇಬೇಕು ಅಂತ 2020ರಿಂದ ಕಾನೂನೇ ಇದೆ. ನಮಗೆ ಮೀಟರ್ ಬೇಡ, ಮಾರು ಸಾಕು. ಕಣ್ಣಳತೆಗೆ ಸಿಗುತ್ತೆ.

‘ಸೈಕಲ್‌ನವನು ಸ್ವಲ್ಪ ಪಕ್ಕಕ್ಕೆ ಹೋದ್ರೆ ನಾನೂ ಹೋಗ್ತೀನಿ, ಅವನೂ ಹೋಗ್ತಾನೆ’ ಅಂತೀರಿ. ಹೋಗೋಕಾಗಲ್ಲ, ಲೆಕ್ಕ ಹಾಕಿ ನೋಡಿ. ಒಂದು ಲೇನ್ ಮೂರೂವರೆ ಮೀಟರ್. ಕಾರು ಒಂದೂಮುಕ್ಕಾಲು. ಸೈಕಲ್ ಹ್ಯಾಂಡಲ್ ಅರ್ಧ ಮೀಟರಿಗಿಂತ ಜಾಸ್ತಿ. ಸೈಕಲ್‌ಗೂ ಕಾರಿಗೂ ನಡುವೆ ಒಂದು ಮಾರು ಅಂದ್ರೆ ಅಲ್ಲಿಗೇ ಮೂರೂಮುಕ್ಕಾಲು ದಾಟಿತು. ಸೈಕಲ್‌ನವನು ಚರಂಡಿ ಕಲ್ಲಿನ ಮೇಲೇ ಹೋದರೂ ನೀವಿಬ್ಬರೂ ಒಂದೇ ಲೇನಿನಲ್ಲಿ ಹಿಡಿಸಲ್ಲ. ಅಂದ್ಮೇಲೆ ಪಕ್ಕದ ಲೇನಿಗೆ ಹೋಗಿಯೇ ದಾಟಬೇಕು. ಎದುರಿಂದ ಗಾಡಿ ಬರ್ತಿದ್ರೆ ಹಿಂದೆ ಬನ್ನಿ, ಅಷ್ಟೇ.

ಇದನ್ನ ಬಾಯಲ್ಲಿ ಹೇಳಿದ್ರೆ ಯಾರಿಗೂ ತಲೆಗೆ ಹೋಗಲ್ಲ ಅಂತ ನನಗೆ ಗೊತ್ತಾಗಿದ್ದು ಒಬ್ಬ ಶಿಷ್ಯರಿಂದ. ಹೆಸರು ಬೇಡ. ಬ್ಯಾಂಕಿನಲ್ಲಿ ಕೆಲಸ, ವಯಸ್ಸು 45ರ ಹತ್ತಿರ, ತುಂಬಾ ಮರ್ಯಾದಸ್ಥರು. ಹೊಸ ಕಾರು ಬುಕ್ ಮಾಡಿ ಕಲಿಯೋಕೆ ಬಂದಿದ್ದರು. ಹನ್ನೆರಡನೇ ಕ್ಲಾಸೋ ಹದಿಮೂರನೇದೋ, ಬೆಳಿಗ್ಗೆ ಆರೂವರೆ, ಕುವೆಂಪುನಗರ. ಮುಂದೆ ಒಬ್ಬ ಹುಡುಗ ಸೈಕಲ್‌ನಲ್ಲಿ, ಕ್ಯಾರಿಯರ್‌ಗೆ ಬ್ಯಾಗ್ ಸಿಕ್ಕಿಸಿಕೊಂಡು ಹೋಗ್ತಿದ್ದ. ಇವರು ಹಾರ್ನ್ ಹೊಡೆದರು. ಅವನು ಪಕ್ಕಕ್ಕೆ ಹೋಗಲಿಲ್ಲ. ಮತ್ತೆ ಹೊಡೆದರು, ಹೊಡೀತಾನೇ ನುಗ್ಗಿಸಿದರು. ನಮ್ಮ ಕಾರಿನಲ್ಲಿ ಕಲಿಸುವವನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತೆ. ಒತ್ತಿದೆ. ಅಷ್ಟರಲ್ಲಿ ಎಡಗಡೆ ಕನ್ನಡಿ ಆ ಹುಡುಗನ ಅಂಗಿ ತೋಳಿಗೆ ಸವರಿತ್ತು. ಅವನು ಬೀಳಲಿಲ್ಲ. ಬೈಯಲೂ ಇಲ್ಲ. ಕಾಲು ಊರಿ ನಿಂತು ನಮ್ಮ ಕಡೆ ಸುಮ್ನೆ ನೋಡಿದ, ಆಮೇಲೆ ಹೋದ.

ನಮ್ಮವರು ಹೇಳಿದ್ದೇನು? ‘ನೋಡಿ ಸಾರ್, ರೋಡ್ ಮಧ್ಯೆ ಬರ್ತಾನೆ.’

ನನಗೆ ಬಂತು ಸಿಟ್ಟು. ‘ನಾಳೆ ಕಾರಿಲ್ಲ, ಸೈಕಲ್ ಬರುತ್ತೆ ತಾನೇ?’ ಅಂದೆ. ಬರುತ್ತೆ ಅಂದರು, ಓದುವಾಗ ತುಳಿದದ್ದಂತೆ. ನಾವು ರಿವರ್ಸ್ ಕಲಿಸೋಕೆ ಹೋಗುವ ಒಂದು ಬಡಾವಣೆ ಇದೆ, ಸೈಟು ಬಿಟ್ಟರೆ ಬರೀ ಪಾರ್ಥೇನಿಯಂ, ಒಂದು ನರಪಿಳ್ಳೆ ಇರಲ್ಲ. ಮಾರನೇ ದಿನ ಅಲ್ಲಿ ನನ್ನ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಅವರನ್ನು ಸೀಟಿನ ಮೇಲೆ ಕೂರಿಸಿದೆ. ‘ಅಲ್ಲಾಡಬೇಡಿ, ಹಿಂದೆ ನೋಡಬೇಡಿ’ ಅಂದೆ. ಹಿಂದಿನಿಂದ ಕಾರು ತಂದು ಪಕ್ಕದಲ್ಲೇ ಹಾದು ಹೋದೆ. ಸ್ಪೀಡು 40, ನಡುವೆ ಒಂದೂವರೆ ಮೊಳ ಜಾಗ. ಹತ್ತಿರ ಬಂದಾಗ ಅವರು ಹೊಡೆದಂತೆಯೇ ಎರಡು ಸಲ ಹಾರ್ನ್.

ಮುಂದೆ ಹೋಗಿ ನಿಲ್ಲಿಸಿ ಕನ್ನಡಿಯಲ್ಲಿ ನೋಡಿದರೆ ಸೀಟಿನ ಮೇಲೆ ಜನ ಇಲ್ಲ. ಇಳಿದು ಆಚೆ ನಿಂತು ಕರ್ಚೀಫಿನಲ್ಲಿ ಕತ್ತು ಒರೆಸಿಕೊಳ್ಳುತ್ತಿದ್ದಾರೆ. ‘ಸಾರ್, ಗಾಳಿ ಎಳೀತು’ ಅಂದರು. ಎರಡನೇ ಸಲ ಒಂದು ಮಾರು ಬಿಟ್ಟು, ಹಾರ್ನ್ ಇಲ್ಲದೆ ಹೋದೆ. ಅವರು ತಿರುಗಿಯೂ ನೋಡಲಿಲ್ಲ.

ಆಮೇಲೆ ಅದೇ ಸೈಕಲ್ ಕೊಟ್ಟು ರಸ್ತೆಗೆ ಕಳಿಸಿದೆ, ‘ಆದಷ್ಟೂ ಅಂಚಿನಲ್ಲೇ ಹೋಗಿ’ ಅಂತ. ಕಾಲು ಕಿಲೋಮೀಟರ್ ಆಗಲಿಲ್ಲ, ತಾವಾಗಿಯೇ ಒಳಗೆ ಬಂದುಬಿಟ್ಟರು. ಅಂಚಿನಲ್ಲಿ ಏನಿರುತ್ತೆ ಹೇಳಿ? ಮರಳು, ಒಡೆದ ಬಾಟ್ಲಿ, ಚರಂಡಿಯ ಕಬ್ಬಿಣದ ಜಾಲರಿ, ರಸ್ತೆಯಿಂದ ನಾಲ್ಕು ಬೆರಳು ಕೆಳಗೆ ಕೂತಿರುವ ಮ್ಯಾನ್‌ಹೋಲ್ ಮುಚ್ಚಳ, ನಿಂತ ಕಾರು, ಮಲಗಿದ ನಾಯಿ. ಕಾರಿನ ಸೀಟಿನಿಂದ ಇದ್ಯಾವುದೂ ಕಾಣಲ್ಲ. ಆ ಹುಡುಗ ರೋಡ್ ಮಧ್ಯೆ ಬಂದದ್ದು ನಿಮ್ಮನ್ನು ತಡೆಯೋಕಲ್ಲ ಸ್ವಾಮಿ, ಬೀಳಬಾರದು ಅಂತ.

ಅವರಿಗೆ ಲೈಸೆನ್ಸ್ ಬಂತು, ಈಗಲೂ ಸಿಕ್ಕಾಗ ಎರಡೂ ಕೈ ಚಾಚಿ ‘ಮಾರು ಸಾರ್, ಮಾರು’ ಅಂತಾರೆ. ಸೈಕಲ್ಲೇನೂ ಕೊಳ್ಳಲಿಲ್ಲ. ಮನುಷ್ಯ ಅಷ್ಟೆಲ್ಲ ಬದಲಾಗಲ್ಲ ಬಿಡಿ.

ಈ ಕತೆಯಲ್ಲೇ ನನ್ನ ಟೈಮು ಮುಕ್ಕಾಲು ಹೋಯಿತು. ಉಳಿದದ್ದು ಬೇಗ ಹೇಳಿಬಿಡ್ತೀನಿ.

ಸ್ಪೀಡು. 60ರಲ್ಲಿ ಬರುವ ಕಾರು ಗುದ್ದುವ ಏಟು 30ರ ಏಟಿನ ಎರಡರಷ್ಟಲ್ಲ, ನಾಲ್ಕರಷ್ಟು. 60ರಲ್ಲಿ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಹೋಗಿರುತ್ತೀರಿ, ಕಾಲು ಇನ್ನೂ ಬ್ರೇಕಿಗೆ ಬಂದಿರಲ್ಲ. ಅದಕ್ಕೇ ಹೇಳೋದು, ಹಿಂದೆ ಬನ್ನಿ.

‘ಅವರು ರೋಡ್ ಟ್ಯಾಕ್ಸ್ ಕಟ್ಟಲ್ಲ’ ಅನ್ನೋ ಮಾತು. ಇದು ಕೇಳಿ ಕೇಳಿ ಸಾಕಾಗಿದೆ. ಸೈಕಲ್ ತುಳಿದು ಯಾವ ರಸ್ತೆ ಗುಂಡಿ ಬಿದ್ದಿದೆ? 2006-07ರಲ್ಲಿ ಸರ್ಕಾರವೇ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತು. ನಮ್ಮೂರಿಗೆ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂತು. ಸೈಕಲ್ ಕೊಟ್ಟು ರಸ್ತೆ ಕೊಡಲ್ಲ ಅಂದ್ರೆ ಅವರೇನು ಹಿತ್ತಲಲ್ಲಿ ಓಡಿಸಬೇಕಾ?

ಸೈಕಲ್‌ನವರಿಗೂ ಇದೆ. ರಾಂಗ್ ಸೈಡಲ್ಲಿ ಬರಬೇಡಿ. ಕಿವಿಗೆ ಇಯರ್‌ಫೋನ್ ಬೇಡ. ಕತ್ತಲಾದ ಮೇಲೆ ಹಿಂದೆ ಕೆಂಪು ಲೈಟು, ಅದಕ್ಕೇನು ಲಕ್ಷ ಖರ್ಚಾಗಲ್ಲ. ತಿರುಗುವ ಮುಂಚೆ ಕೈ ತೋರಿಸಿ, ತಿರುಗಿದ ಮೇಲಲ್ಲ.

ಕೊನೆಯದು ಬಾಗಿಲು. ಗಾಡಿ ನಿಲ್ಲಿಸಿ ಡ್ರೈವರ್ ಕಡೆ ಬಾಗಿಲು ತೆಗೆಯುವಾಗ ಬಲಗೈ ಬೇಡ, ಎಡಗೈಯಲ್ಲಿ ತೆಗೀರಿ. ಎಡಗೈ ಅಲ್ಲಿಗೆ ಹೋಗಬೇಕಾದ್ರೆ ಮೈ ತಿರುಗಲೇಬೇಕು, ಮೈ ತಿರುಗಿದ್ರೆ ಹಿಂದೆ ಬರುವ ಸೈಕಲ್ ಕಣ್ಣಿಗೆ ಬೀಳುತ್ತೆ. ಎಡಗಡೆ ಕೂತವರು ಬಲಗೈಯಲ್ಲಿ. ಮೊದಲು ಎರಡು ದಿನ ಕೈ ತಿರುಚಿಕೊಂಡ ಹಾಗಿರುತ್ತೆ, ಆಮೇಲೆ ಅದೇ ರೂಢಿ. ನಾನೀಗ ಮನೆಯ ಬೀರು ಬಾಗಿಲನ್ನೂ ಎಡಗೈಯಲ್ಲೇ ತೆಗೀತೀನಿ ಅಂತ ನಮ್ಮ ಮನೆಯವರು ನಗ್ತಾರೆ.

ನಮಸ್ಕಾರ.