ರೆಸಾರ್ಟಿನ ಗೇಟು, ಊರಿನ ದಾರಿ

ಕೇಳುಗರಿಗೆ ನಮಸ್ಕಾರ.

ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಕಡೆಯ ಕಾಫಿ ತೋಟಗಳ ನಡುವೆ ರೆಸಾರ್ಟು ಏಳುವುದು ಈಗ ಹೊಸ ಸುದ್ದಿಯೇನಲ್ಲ. ಅದರ ಬೆನ್ನಿಗೇ ಬರುವ ಒಂದು ತಕರಾರೂ ಊರೂರಿಗೆ ಹಬ್ಬಿದೆ. ಮೊದಲು ರಸ್ತೆಯ ಅಂಚಿಗೆ ಒಂದು ಬೋರ್ಡು ಬರುತ್ತದೆ, ಅದರ ಸುತ್ತ ನಾಲ್ಕು ಹೂಕುಂಡ. ಮುಂದಿನ ಬೇಸಿಗೆಗೆ ಹೂಕುಂಡದ ಜಾಗದಲ್ಲಿ ಕಲ್ಲಿನ ಕಟ್ಟೆ, ಪಕ್ಕದಲ್ಲಿ ಕಾವಲುಗಾರನ ಗೂಡು. ಕೊನೆಗೆ ದಾರಿಗೆ ಅಡ್ಡವಾಗಿ ಸರಪಳಿ. ಸರಪಳಿ ಕಂಡ ದಿನ ಊರು ಏಳುತ್ತದೆ. ಏಳಬೇಕಾದದ್ದು ಹೂಕುಂಡ ಇಟ್ಟ ದಿನ. ಕುಂಡವನ್ನು ಒಂದು ಮಾತಿನಲ್ಲಿ ಸರಿಸಬಹುದು, ಕಾಂಕ್ರೀಟು ಬಿದ್ದ ಮೇಲೆ ವರ್ಷಗಟ್ಟಲೆ ಅಲೆಯಬೇಕು.

ಒಂದು ಅಡಿ ಹೋದರೆ ಏನಾಯಿತು ಎನ್ನುವವರು ಪ್ರತಿ ಊರಲ್ಲೂ ಇರುತ್ತಾರೆ. ಲೆಕ್ಕ ನೋಡೋಣ. ಗ್ರಾಮ ಸಡಕ್ ಯೋಜನೆಯ ರಸ್ತೆಯಲ್ಲಿ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್, ಓಡಾಟ ಕಡಿಮೆ ಇರುವಲ್ಲಿ 3 ಮೀಟರ್. ಗುಡ್ಡಗಾಡಿನಲ್ಲಿ ಎರಡೂ ಬದಿಯ ಮಣ್ಣಿನ ಅಂಚು ಸೇರಿ ಒಟ್ಟು ಅಗಲ 6 ಮೀಟರ್. ಅಂದರೆ ಒಂದೊಂದು ಬದಿಗೆ ಅಂಚು ಸಿಗುವುದೇ ಒಂದು ಮೀಟರಿಗೆ ತುಸು ಹೆಚ್ಚು. ಎದುರು ಗಾಡಿ ಬಂದಾಗ ಒಂದು ಚಕ್ರ ಇಳಿಸುವುದು ಅಲ್ಲಿ, ಶಾಲೆ ಮಕ್ಕಳು ನಡೆಯುವುದು ಅಲ್ಲಿ. ಕಾಂಪೌಂಡು ಮೊದಲು ನುಂಗುವುದೂ ಈ ಅಂಚನ್ನೇ. ಅಂಚು ಹೋದ ಮೇಲೆ ಪ್ರವಾಸಿಗರ ಕಾರು ಡಾಂಬರಿನ ಮೇಲೆಯೇ ನಿಲ್ಲುತ್ತದೆ. ಕಾರಿನ ಅಗಲ ಸುಮಾರು 1.8 ಮೀಟರ್. 3.75ರಲ್ಲಿ ಅದನ್ನು ಕಳೆದರೆ ಉಳಿಯುವುದು 1.95. ಬಸ್ಸು, ಲಾರಿ, ಅಗ್ನಿಶಾಮಕ ವಾಹನಗಳ ಅಗಲ ಎರಡೂವರೆ ಮೀಟರಿನ ಆಸುಪಾಸು. ಶನಿವಾರ ರಾತ್ರಿ ಯಾರದೋ ಮನೆಗೆ ಬೆಂಕಿ ಬಿದ್ದರೆ ಆ ವಾಹನ ರೆಸಾರ್ಟಿನ ಮುಂದೆಯೇ ನಿಲ್ಲಬೇಕಾಗುತ್ತದೆ.

ಚರಂಡಿಯ ವಿಷಯವಂತೂ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೇಟಿನ ಎದುರು ಗಾಡಿ ಹತ್ತಲು ಚರಂಡಿ ಮುಚ್ಚಿ, ಕೆಳಗೆ ಆರು ಇಂಚಿನ ಪಿವಿಸಿ ಪೈಪು ಹಾಕಿಬಿಡುತ್ತಾರೆ. ಎರಡು ಅಡಿ ಅಗಲ, ಒಂದೂವರೆ ಅಡಿ ಆಳದ ಚರಂಡಿಯಲ್ಲಿ ನೀರು ಹರಿಯಲು ಮೂರು ಚದರ ಅಡಿ ಜಾಗವಿದೆ. ಆರು ಇಂಚಿನ ಪೈಪಿನಲ್ಲಿ ಇರುವುದು ಅದರ ಹದಿನೈದನೇ ಒಂದು ಪಾಲು. ಆಷಾಢದ ಮಳೆಗೆ ಸಿಲ್ವರ್ ಓಕ್ ಎಲೆ, ಕಡ್ಡಿ ತುಂಬಿದರೆ ಅದೂ ಇಲ್ಲ. ನೀರು ರಸ್ತೆಯ ಮೇಲೆ ಹತ್ತುತ್ತದೆ, ಡಾಂಬರಿನ ಅಂಚಿಗೆ ಇಳಿದು ಕೆಳಗಿನ ಜಲ್ಲಿ ಸಡಿಲಿಸುತ್ತದೆ. ಒಂದೆರಡು ಮಳೆಗಾಲದಲ್ಲಿ ಅಲ್ಲಿ ಗುಂಡಿ ಬಿದ್ದಿರುತ್ತದೆ. ಆ ಗುಂಡಿ ಮುಚ್ಚುವುದು ಪಂಚಾಯಿತಿಯ ದುಡ್ಡು, ಅಂದರೆ ನಿಮ್ಮ ಕಂದಾಯ.

ಹಾಗಾದರೆ ಮಾಡಬೇಕಾದ್ದೇನು? ಅರ್ಜಿ ಬರೆಯುವ ಮೊದಲು ಆ ದಾರಿ ದಾಖಲೆಯಲ್ಲಿ ಯಾರದ್ದು ಎಂದು ತಿಳಿದುಕೊಳ್ಳಿ. ಬಹುಪಾಲು ಹೋರಾಟ ಮುಗ್ಗರಿಸುವುದು ಈ ಹೆಜ್ಜೆಯಲ್ಲೇ. ಇದು ಅಜ್ಜನ ಕಾಲದ ದಾರಿ ಎಂದು ನೂರು ಜನ ಸಹಿ ಹಾಕಿ ಕೊಡುತ್ತಾರೆ, ರೆಸಾರ್ಟಿನವರು ಒಂದು ಪಹಣಿ ತೋರಿಸುತ್ತಾರೆ, ಅಧಿಕಾರಿ ಪಹಣಿಯನ್ನು ನಂಬುತ್ತಾರೆ.

ಆ ಪಹಣಿಯನ್ನೇ ನೀವೂ ತೆಗೆಸಿ. ಅದರ ಮೂರನೇ ಕಲಂನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು ಅ, ಖರಾಬು ಬ ಎಂದು ಎರಡು ಸಾಲುಗಳಿವೆ. ಅ ಖರಾಬು ಎಂದರೆ ಬೇಸಾಯಕ್ಕೆ ಬಾರದ ಜಾಗ. ಬ ಖರಾಬು ಎಂದರೆ ರಸ್ತೆ, ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ. ಅಲ್ಲಿ ಎರಡು ಗುಂಟೆ, ಮೂರು ಗುಂಟೆ ಎಂದಿದ್ದರೆ ರೆಸಾರ್ಟಿನ ಸರ್ವೆ ನಂಬರಿನ ಒಳಗೇ ಊರಿನ ದಾರಿಯೋ ಹಳ್ಳವೋ ಇದೆ ಎಂದರ್ಥ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1,089 ಚದರ ಅಡಿ. ಹನ್ನೊಂದು ಅಡಿ ಅಗಲದ ಬಂಡಿ ದಾರಿಯಾದರೆ ಒಂದು ಗುಂಟೆಗೆ 99 ಅಡಿ ಉದ್ದ ಬರುತ್ತದೆ. ಸ್ಥಳದಲ್ಲಿ ಅಷ್ಟು ಸಿಗುತ್ತದೆಯೇ ಎಂದು ಟೇಪು ಹಿಡಿದರೆ ಗೊತ್ತಾಗುತ್ತದೆ.

ಜೊತೆಗೆ ಗ್ರಾಮ ನಕ್ಷೆ ಬೇಕು. ಜೋಡಿ ಚುಕ್ಕೆಗೆರೆ ಬಂಡಿ ದಾರಿ, ಒಂಟಿ ಚುಕ್ಕೆಗೆರೆ ಕಾಲುದಾರಿ. ಅಳತೆ ಬೇಕೆಂದರೆ ಸರ್ವೆ ಇಲಾಖೆಯಿಂದ ಆ ಸರ್ವೆ ನಂಬರಿನ ಟಿಪ್ಪಣಿ, ಅಂದರೆ ಮೂಲ ಸರ್ವೆಯ ಅಳತೆ ಚಿತ್ರ, ಮತ್ತು ಆಕಾರಬಂದ್, ಅಂದರೆ ವಿಸ್ತೀರ್ಣ ಕಂದಾಯದ ಪಟ್ಟಿ, ಇವೆರಡರ ಪ್ರತಿ ತೆಗೆಸಿ. ಟಿಪ್ಪಣಿಯಲ್ಲಿ ಸರಪಳಿ, ಆಣೆ ಲೆಕ್ಕ ಇರುತ್ತದೆ: ಒಂದು ಸರಪಳಿ 33 ಅಡಿ, ಅದರಲ್ಲಿ ಹದಿನಾರು ಆಣೆ, ಆದ್ದರಿಂದ ಒಂದು ಆಣೆ ಎರಡು ಅಡಿಗೆ ತುಸು ಮೇಲೆ. ಮೊಬೈಲಿನ ದಿಶಾಂಕ್ ಆ್ಯಪ್ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತಿಳಿಯಲು ಒಳ್ಳೆಯದು. ಆದರೆ ಅದರಲ್ಲಿ ಗೆರೆ ಕೆಲವು ಮೀಟರ್ ಅತ್ತಿತ್ತ ಆಗಬಹುದು. ಮೂರು ಅಡಿ ಒತ್ತುವರಿಗೆ ಅದನ್ನು ಸಾಕ್ಷಿ ಮಾಡಲು ಹೋಗಬೇಡಿ.

ನಕ್ಷೆಯಲ್ಲಿ ದಾರಿ ಇಲ್ಲದಿದ್ದರೆ ಎದೆಗುಂದಬೇಡಿ. ಎಷ್ಟೋ ರಸ್ತೆಗಳು ಆಮೇಲೆ ಪಂಚಾಯಿತಿ ದುಡ್ಡಿನಲ್ಲಿ, ಉದ್ಯೋಗ ಖಾತ್ರಿಯಲ್ಲಿ ಆಗಿವೆ. ಅವುಗಳ ಗುರುತು ಪಂಚಾಯಿತಿಯ ರಸ್ತೆ ವಹಿಯಲ್ಲಿ, ಕಾಮಗಾರಿಯ ಅಳತೆ ಪುಸ್ತಕದಲ್ಲಿ ಇರುತ್ತದೆ. ಎಷ್ಟು ಉದ್ದ, ಎಷ್ಟು ಅಗಲ ಜಲ್ಲಿ ಹಾಕಿದರು ಎಂಬುದಕ್ಕೆ ಇಂಜಿನಿಯರರ ಸಹಿಯೇ ಅಲ್ಲಿರುತ್ತದೆ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಆದ್ದರಿಂದ ಅಳತೆ ಪುಸ್ತಕಕ್ಕೆ ಒಂದು ಅರ್ಜಿ, ರೆಸಾರ್ಟಿನ ಕಟ್ಟಡ ಪರವಾನಗಿ ಮತ್ತು ಅನುಮೋದಿತ ನಕ್ಷೆಗೆ ಇನ್ನೊಂದು, ಭೂ ಪರಿವರ್ತನೆ ಆದೇಶಕ್ಕೆ ಮತ್ತೊಂದು. ಏಕೆ ಅತಿಕ್ರಮಣ ಬಿಟ್ಟಿದ್ದೀರಿ ಎಂದು ಕೇಳಿದರೆ ಉತ್ತರ ಸಿಗದು. ದೃಢೀಕೃತ ಪ್ರತಿ ಕೊಡಿ ಎಂದು ಕೇಳಬೇಕು. ಮೂವತ್ತು ದಿನ ಕಾಯಿರಿ, ಬಾರದಿದ್ದರೆ ಮೊದಲ ಮೇಲ್ಮನವಿ. ಅನುಮೋದಿತ ನಕ್ಷೆ ಕೈಗೆ ಬಂದಾಗ ಅದರಲ್ಲಿ ತೋರಿಸಿದ ರಸ್ತೆಯ ಅಗಲ ಮೊದಲು ನೋಡಿ. ಅನುಮತಿ ಪಡೆಯಲು ಅಗಲ ರಸ್ತೆ ತೋರಿಸಿ, ಆಮೇಲೆ ಅದೇ ರಸ್ತೆಯ ಮೇಲೆ ಕಟ್ಟೆ ಕಟ್ಟಿದ್ದರೆ ಅದಕ್ಕಿಂತ ಗಟ್ಟಿ ಪುರಾವೆ ಇನ್ನೊಂದಿಲ್ಲ.

ಕಾಗದ ಬರುವಷ್ಟರಲ್ಲಿ ನೀವೇ ಅಳೆದಿಡಿ. ಮೂವತ್ತು ಮೀಟರಿನ ಟೇಪು, ಮೂರು ಜನ. ಕದಲದ ಒಂದು ಗುರುತಿನಿಂದ ಶುರುಮಾಡಿ: ಬಾಂದುಕಲ್ಲು, ಮೋರಿಯ ಕಟ್ಟೆ, ನಂಬರು ಬರೆದ ಕರೆಂಟು ಕಂಬ. ಅಲ್ಲಿಂದ ಹತ್ತು ಹತ್ತು ಮೀಟರಿಗೆ ರಸ್ತೆಯ ಅಡ್ಡ ಅಳತೆ ಬರೆದುಕೊಳ್ಳಿ. ರೆಸಾರ್ಟಿನ ಮುಂದಿನ ಜಾಗ ಮಾತ್ರ ಅಳೆದರೆ ಸಾಲದು, ಅದರ ಆಚೆ ಈಚೆ ಐವತ್ತು ಮೀಟರನ್ನೂ ಅಳೆಯಬೇಕು. ಬೇರೆಲ್ಲ ಕಡೆ ಆರು ಮೀಟರಿದ್ದು ಅಲ್ಲಿ ಮಾತ್ರ ನಾಲ್ಕೂಕಾಲು ಎಂದರೆ ಆ ಪಟ್ಟಿಯೇ ಮಾತಾಡುತ್ತದೆ. ಫೋಟೋದಲ್ಲಿ ಟೇಪಿನ ಅಂಕಿ, ಆ ಗುರುತು, ಕಟ್ಟೆ ಮೂರೂ ಒಟ್ಟಿಗೆ ಕಾಣಬೇಕು.

ಅಧಿಕೃತ ಅಳತೆಗೆ ಹದ್ದುಬಸ್ತು, ಅಂದರೆ ಜಮೀನಿನ ಗಡಿ ಅಳೆದು ಗುರುತಿಸಿಕೊಡಿ ಎಂಬ ಅರ್ಜಿ. ರೆಸಾರ್ಟಿನ ಜಮೀನು ಅಳೆಸಿ ಎಂದು ನೀವು ಕೇಳಿದರೆ ಆಗದು. ಆದರೆ ಎದುರು ಬದಿಯ ತೋಟ ಊರಿನವರದ್ದೇ ಆಗಿದ್ದರೆ ಆ ಮಾಲೀಕರು ತಮ್ಮ ಸರ್ವೆ ನಂಬರಿಗೆ ಹದ್ದುಬಸ್ತು ಹಾಕಬಹುದು. ಅವರ ಗಡಿ ಎಂದರೆ ರಸ್ತೆಯ ಒಂದು ಅಂಚು. ಆ ಅಂಚು ಗಟ್ಟಿಯಾದರೆ ಟಿಪ್ಪಣಿಯ ಅಗಲ ಹಿಡಿದು ಇನ್ನೊಂದು ಅಂಚು ತಾನಾಗಿ ಸಿಗುತ್ತದೆ. ಸರ್ವೇಯರು ಬಂದ ದಿನ ಮಹಜರು ಓದಿಸಿಕೊಳ್ಳದೆ ಸಹಿ ಹಾಕಬೇಡಿ.

ಈಗ ಅರ್ಜಿ. 1964ರ ಭೂ ಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಸಾರ್ವಜನಿಕ ರಸ್ತೆ, ಬೀದಿ, ಓಣಿ, ದಾರಿ ಸರ್ಕಾರದ ಸ್ವತ್ತು. ಅಂಥ ದಾರಿಯ ಮೇಲೆ ಜನರ ಹಕ್ಕು ತೆಗೆಯಬೇಕಾದರೆ 68ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ ಪ್ರಕಟಣೆ ಹೊರಡಿಸಿ, ಆಕ್ಷೇಪಣೆ ಕೇಳಿ ತೀರ್ಮಾನಿಸಬೇಕು. ಪಕ್ಕದಲ್ಲಿ ಬೇರೆ ದಾರಿ ಕೊಡುತ್ತೇವೆ ಎಂಬ ಬಾಯಿಮಾತು, ಪಂಚಾಯಿತಿ ಸದಸ್ಯರೊಬ್ಬರ ಒಪ್ಪಿಗೆ, ಇವು ಯಾವುದೂ ಅದಕ್ಕೆ ಸಾಟಿಯಲ್ಲ. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಮತ್ತು ತಹಶೀಲ್ದಾರರಿಗೆ ಬೇರೆ ಬೇರೆ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿ. ದಾರಿಯೇ ಬಂದ್ ಆಗಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಇದೆ, ಹಳೆಯ ಸಿಆರ್‌ಪಿಸಿಯ 133. ಅದರಡಿ ಕಾರ್ಯನಿರ್ವಾಹಕ ದಂಡಾಧಿಕಾರಿ ಅಡ್ಡಿ ತೆಗೆಯುವಂತೆ ಆದೇಶಿಸಬಹುದು. ಅಷ್ಟು ಖರ್ಚು ಮಾಡಿ ಕಟ್ಟಿದ್ದಾರಲ್ಲ ಎಂದು ಯಾರಾದರೂ ಮರುಗಿದರೆ, 2011ರ ಜನವರಿ 28ರ ಜಗಪಾಲ್ ಸಿಂಗ್ ಪ್ರಕರಣದ ತೀರ್ಪು ಮುಂದಿಡಿ. ಪಂಜಾಬಿನ ಒಂದು ಹಳ್ಳಿಯ ಕೆರೆ ಜಾಗದ ವಿಚಾರ ಅದು. ಬಹುಕಾಲದ ಸ್ವಾಧೀನವಾಗಲಿ, ಭಾರಿ ಖರ್ಚಾಗಲಿ, ರಾಜಕೀಯ ನಂಟಾಗಲಿ ಊರೊಟ್ಟಿನ ಜಾಗದ ಒತ್ತುವರಿಯನ್ನು ಸಕ್ರಮ ಮಾಡಲು ಕಾರಣವಾಗದು ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ.

ನೋಟಿಸು ಹೋದ ಕೂಡಲೇ ರೆಸಾರ್ಟಿನವರು ಸಿವಿಲ್ ಕೋರ್ಟಿಗೆ ಹೋಗಿ ತಡೆ ತರಲು ನೋಡುತ್ತಾರೆ. ಅದಕ್ಕೆ ಮೊದಲೇ ಕೇವಿಯಟ್, ಅಂದರೆ ನಮ್ಮ ಮಾತು ಕೇಳದೆ ತಡೆ ಕೊಡಬೇಡಿ ಎಂಬ ಅರ್ಜಿ, ಹಾಕಿಡಿ, ಅದು ನಡೆಯುವುದು ತೊಂಬತ್ತು ದಿನ, ಮುಗಿದರೆ ಮತ್ತೆ ಹಾಕಬೇಕು. ಸಿಟ್ಟಿಗೆ ಗೇಟು ಮುರಿಯುವುದು ಬೇಡವೇ ಬೇಡ. ಮುರಿದ ಮರುದಿನದಿಂದ ಕೇಸು ದಾರಿಯದ್ದಾಗಿ ಉಳಿಯುವುದಿಲ್ಲ, ನಿಮ್ಮ ಹುಡುಗರ ಮೇಲಿನದ್ದಾಗುತ್ತದೆ.

ದಾರಿ ನಿಜಕ್ಕೂ ಖಾಸಗಿ ಜಮೀನಿನಲ್ಲೇ ಇದ್ದರೆ ಮಾತು ಬೇರೆ. ಆಗ 1882ರ ಈಸ್‌ಮೆಂಟ್ ಕಾಯ್ದೆ, ಅಂದರೆ ಇನ್ನೊಬ್ಬರ ಜಮೀನಿನಲ್ಲಿ ಓಡಾಡುವಂಥ ಹಕ್ಕಿನ ಕಾಯ್ದೆ. ಇಪ್ಪತ್ತು ವರ್ಷ ಬಹಿರಂಗವಾಗಿ, ತಂಟೆಯಿಲ್ಲದೆ, ಹಕ್ಕೆಂದೇ ಓಡಾಡಿರಬೇಕು. ದಾರಿ ಮುಚ್ಚಿದ ಮೇಲೆ ಎರಡು ವರ್ಷದೊಳಗೆ ದಾವೆ ಹೂಡಬೇಕು. ಇಲ್ಲೊಂದು ಹೊಂಚು ಇದೆ. ಊರಿನವರಿಗೆ ತೊಂದರೆ ಇಲ್ಲ, ಪಾಸು ಕೊಡುತ್ತೇವೆ, ಗೇಟಿನಲ್ಲಿ ಪುಸ್ತಕಕ್ಕೆ ಸಹಿ ಹಾಕಿ ಹೋಗಿ ಎನ್ನುತ್ತಾರೆ. ಕೇಳಲು ಹಿತವಾದ ಮಾತು. ಪಾಸು ತೆಗೆದುಕೊಂಡರೆ ನೀವು ಅನುಮತಿಯಿಂದ ಓಡಾಡಿದವರಾಗುತ್ತೀರಿ, ಹಕ್ಕಿನಿಂದಲ್ಲ. ಆ ಸಹಿ ಪುಸ್ತಕವೇ ನಾಳೆ ಕೋರ್ಟಿನಲ್ಲಿ ನಿಮ್ಮ ವಿರುದ್ಧ ನಿಲ್ಲುತ್ತದೆ.

ಎಲ್ಲ ಕಡೆ ಜಗಳವೇ ಆಗಬೇಕೆಂದೇನಿಲ್ಲ. ಊರಿನ ಹತ್ತಾರು ಮನೆಗೆ ಅಲ್ಲಿ ಕೆಲಸವೂ ಇರುತ್ತದೆ. ಮಾತುಕತೆಗೆ ಕೂತರೆ ಅಳತೆ ಇರುವ ಬೇಡಿಕೆ ಇಡಿ. ಗೇಟು ರಸ್ತೆ ಅಂಚಿನಿಂದ ಕನಿಷ್ಠ ಆರು ಮೀಟರ್ ಒಳಗಿರಲಿ, ಆಗ ಕಾಯುವ ಕಾರು ರಸ್ತೆಯಲ್ಲಿ ನಿಲ್ಲುವುದಿಲ್ಲ. ಗೇಟಿನ ಬಾಗಿಲು ಒಳಕ್ಕೆ ತೆರೆಯಲಿ. ಚರಂಡಿಯ ಮೇಲೆ ಪೈಪಿನ ಬದಲು, ಚರಂಡಿಯ ಪೂರ್ತಿ ಅಗಲ ಬಿಟ್ಟು, ಎತ್ತಿ ತೆಗೆಯಬಹುದಾದ ಚಪ್ಪಡಿಯೋ ಕಬ್ಬಿಣದ ಜಾಲರಿಯೋ ಬರಲಿ. ಕೋಣೆಗೊಂದರಂತೆ ಕಾರಿನ ಜಾಗ ಒಳಗಿರಲಿ, ಕೆಲಸದವರ ಬೈಕಿಗೂ ಸೇರಿ. ಸಾಮಾನು ತರುವ ಲಾರಿ ಶಾಲೆ ಬಸ್ಸಿನ ಹೊತ್ತಿಗೆ ಬಾರದಿರಲಿ. ಇದನ್ನೆಲ್ಲ ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ, ವ್ಯಾಪಾರ ಪರವಾನಗಿ ನವೀಕರಣದ ಷರತ್ತಾಗಿ ಸೇರಿಸುವಂತೆ ಪಂಚಾಯಿತಿಯನ್ನು ಕೇಳಿ. ಮಾಲೀಕರು ಬದಲಾದ ಮೇಲೂ ಉಳಿಯುವುದು ಕಾಗದದಲ್ಲಿರುವ ಮಾತು.

ತೆರವಾದ ದಿನವೇ ಸರ್ವೇಯರ ಎದುರಿನಲ್ಲಿ ಎರಡೂ ಅಂಚಿಗೆ ಬಾಂದುಕಲ್ಲು ನೆಡಿಸಿ, ರಸ್ತೆಯ ಉದ್ದ ಅಗಲವನ್ನು ಪಂಚಾಯಿತಿ ವಹಿಗೆ ಏರಿಸಿ, ಪ್ರತಿ ಪಡೆದುಕೊಳ್ಳಿ. ಮುಚ್ಚಿದ್ದ ಚರಂಡಿಯನ್ನು ಮೇ ತಿಂಗಳೊಳಗೆ ತೋಡಿಸಿ. ಜೂನ್ ಬಂದರೆ ಜೆಸಿಬಿ ಇಳಿಸಲು ಆಗುವುದಿಲ್ಲ.

ನಮಸ್ಕಾರ.