ಹುತ್ತ ಒಡೆಯುವವರೆಲ್ಲ ನೆಂಟರಲ್ಲ

(ಗಂಗಾವತಿಯಲ್ಲಿ ವಿಜ್ಞಾನ ಶಿಕ್ಷಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ವೇದಿಕೆಯ ಮೇಲಿರುವ ಹಿರಿಯರೇ, ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಿಂದ ಬಂದಿರುವ ಶಿಕ್ಷಕ ಬಂಧುಗಳೇ,

ನನಗೆ ಕೊಟ್ಟಿರುವ ವಿಷಯ ಜೀವಿಗಳ ವರ್ಗೀಕರಣ. ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸುವ ಕೆಲಸವನ್ನು ನೀವೆಲ್ಲ ಮಾಡಿದ್ದೀರಿ, ನಾನೂ ಮಾಡಿದ್ದೇನೆ. ಇಂದು ಅದನ್ನು ಮತ್ತೆ ಹೇಳಲು ಬಂದಿಲ್ಲ. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ತೆಗೆದರು. ಅನುವಂಶೀಯತೆ ಉಳಿಯಿತು, ವಿಕಾಸ ಹೋಯಿತು. 1800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಅದನ್ನು ವಿರೋಧಿಸಿ ಬಹಿರಂಗ ಪತ್ರ ಬರೆದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಇದೆಯಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ನಮ್ಮ ಹಳ್ಳಿಗಳ ಎಷ್ಟು ಮಕ್ಕಳು ಹನ್ನೆರಡರಲ್ಲಿ ಜೀವಶಾಸ್ತ್ರ ಓದುತ್ತಾರೆ? ಬಹಳಷ್ಟು ಮಕ್ಕಳಿಗೆ ಹತ್ತನೆಯ ತರಗತಿಯೇ ವಿಜ್ಞಾನದ ಕೊನೆಯ ಪಾಠ. ವಿಕಾಸವನ್ನು ತೆಗೆದ ಮೇಲೆ ವರ್ಗೀಕರಣದಲ್ಲಿ ಉಳಿಯುವುದು ಹೆಸರುಗಳ ಪಟ್ಟಿ ಮಾತ್ರ. ಆ ಪಟ್ಟಿ ಏಕೆ ಹಾಗಿದೆ ಎಂದು ಮಗು ಕೇಳಿದರೆ ಉತ್ತರ ಹೇಳಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ನಮಗೆಲ್ಲ ಗೊತ್ತಿರುವ ಪ್ರಾಣಿಯಿಂದಲೇ ಆರಂಭಿಸೋಣ. ತುಂಗಭದ್ರೆಯ ಆಚೆ ದರೋಜಿಯಲ್ಲಿ 1994ರಿಂದ ಕರಡಿಧಾಮವಿದೆ. ಸಂಜೆ ಬಂಡೆಗಳ ನಡುವಿನಿಂದ ಕರಡಿ ಇಳಿದು ಬರುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಧಾಮಕ್ಕೆ ಹೋಗದವರೂ ಹೊಲದ ಬದುವಿನಲ್ಲಿ ಅದು ಬಗೆದು ಹೋದ ಹುತ್ತವನ್ನು ಕಂಡಿರುತ್ತೀರಿ. ಅದನ್ನು ಕರಡಿ ಎನ್ನಲು ಇಲ್ಲಿನ ದನ ಕಾಯುವ ಹುಡುಗನಿಗೂ ಯಾರೂ ಕಲಿಸಬೇಕಾಗಿಲ್ಲ.

ಆದರೆ 1791ರಲ್ಲಿ ಬ್ರಿಟನ್ನಿನ ಜಾರ್ಜ್ ಶಾ ಇದೇ ಪ್ರಾಣಿಗೆ ವೈಜ್ಞಾನಿಕ ಹೆಸರು ಕೊಟ್ಟಾಗ ಬ್ರಾಡಿಪಸ್ ಅರ್ಸಿನಸ್ ಎಂದು ಕರೆದರು. ಬ್ರಾಡಿಪಸ್ ಎಂದರೆ ದಕ್ಷಿಣ ಅಮೆರಿಕದ ಮರಗಳಲ್ಲಿ ತಲೆಕೆಳಗಾಗಿ ಜೋತುಬೀಳುವ ಸ್ಲಾತ್. ನಮ್ಮ ದರೋಜಿಯ ಕರಡಿ, ಕಾಗದದ ಮೇಲೆ, ಅಮೆಜಾನ್ ಕಾಡಿನ ಸ್ಲಾತ್‌ನ ದಾಯಾದಿಯಾಯಿತು! ಶಾ ದಡ್ಡರಾಗಿರಲಿಲ್ಲ. ಅವರು ನೋಡಿದ್ದನ್ನು ನಾವೂ ನೋಡೋಣ. ಉದ್ದವಾದ, ಬಾಗಿದ ಉಗುರುಗಳು ಸ್ಲಾತ್‌ನ ಉಗುರುಗಳಂತೆಯೇ ಇವೆ. ಜಡೆಗಟ್ಟಿದ ಒರಟು ಕೂದಲು. ಎಲ್ಲಕ್ಕಿಂತ ಮುಖ್ಯವಾಗಿ ಹಲ್ಲು: ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳೇ ಇಲ್ಲ. ಬೇರೆ ಕರಡಿಗಳಿಗೆ ಮೇಲೆ ಆರು ಬಾಚಿಹಲ್ಲುಗಳಿದ್ದರೆ ಇದಕ್ಕೆ ನಾಲ್ಕೇ. ಮುಂದೆ ಹಲ್ಲಿಲ್ಲ, ಉಗುರು ಉದ್ದ, ಆದ್ದರಿಂದ ಇದು ಸ್ಲಾತ್ ಎಂಬ ತರ್ಕ ಆಗಿನ ಪದ್ಧತಿಗೆ ಸರಿಯಾಗಿಯೇ ಇತ್ತು.

ಎರಡೇ ವರ್ಷದಲ್ಲಿ, 1793ರಲ್ಲಿ, ಮೇಯರ್ ಎಂಬ ಜರ್ಮನ್ ವಿದ್ವಾಂಸರು ಇದಕ್ಕೆ ಮೆಲುರ್ಸಸ್ ಎಂಬ ಬೇರೆಯೇ ಜಾತಿಯನ್ನು, ಅಂದರೆ ಪ್ರಭೇದಕ್ಕಿಂತ ಒಂದು ಮೆಟ್ಟಿಲು ಮೇಲಿನ ಗುಂಪನ್ನು, ಸ್ಥಾಪಿಸಿದರು. ಆದರೂ ಗೊಂದಲ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜೀವಂತ ಪ್ರಾಣಿಯೊಂದು ಫ್ರಾನ್ಸಿಗೆ ತಲುಪಿದ ಮೇಲೆಯೇ ಇದು ಕರಡಿ ಎಂಬುದು ಎಲ್ಲರಿಗೂ ಖಚಿತವಾದದ್ದು. ಇಂದಿನ ಹೆಸರು ಮೆಲುರ್ಸಸ್ ಅರ್ಸಿನಸ್. ಮೊದಲು ಕೊಟ್ಟ ಪ್ರಭೇದದ ಹೆಸರಿಗೆ ಆದ್ಯತೆ ಎಂಬ ನಿಯಮದಿಂದಾಗಿ ಶಾ ಕೊಟ್ಟ ಅರ್ಧ ಹೆಸರು ಇವತ್ತಿಗೂ ಉಳಿದಿದೆ.

ಆ ಹಲ್ಲು ಹೋದದ್ದೇಕೆ? ದರೋಜಿಯ ಹುತ್ತವೇ ಉತ್ತರ ಹೇಳುತ್ತದೆ. ಕರಡಿ ಹುತ್ತವನ್ನು ಬಗೆದು, ತುಟಿಗಳನ್ನು ಕೊಳವೆ ಮಾಡಿ, ಮೊದಲು ಮಣ್ಣನ್ನು ಊದಿ, ಆಮೇಲೆ ಗೆದ್ದಲನ್ನು ಜೋರಾಗಿ ಹೀರುತ್ತದೆ. ಮುಂದಿನ ಹಲ್ಲಿಲ್ಲದ ಸಂದು ಹೀರುವುದಕ್ಕೆ ದಾರಿ. ಉಗುರು ಹುತ್ತ ಬಗೆಯುವುದಕ್ಕೆ. ಶಾ ನೋಡಿದ ಹೋಲಿಕೆ ಕಸುಬಿನಿಂದ ಬಂದದ್ದು, ರಕ್ತದಿಂದ ಬಂದದ್ದಲ್ಲ. ಈ ಸಂಜೆ ನಾನು ಇದೊಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ: ಹೋಲಿಕೆ ಕಂಡ ಕೂಡಲೇ ನೆಂಟಸ್ತನ ಕಟ್ಟಬಾರದು. ಈ ಹೋಲಿಕೆ ಎಲ್ಲಿಂದ ಬಂತು ಎಂದು ಮೊದಲು ಕೇಳಬೇಕು.

ಗೆದ್ದಲು ತಿನ್ನುವ ಬೇರೆ ಪ್ರಾಣಿಗಳನ್ನೂ ನೋಡಿ. ನಮ್ಮ ಕುರುಚಲು ಕಾಡುಗಳ ಚಿಪ್ಪುಹಂದಿಗೆ ಹಲ್ಲೇ ಇಲ್ಲ, ಅಂಟಾದ ಉದ್ದ ನಾಲಿಗೆಯಿದೆ. ದಕ್ಷಿಣ ಅಮೆರಿಕದ ದೈತ್ಯ ಇರುವೆಬಾಕನಿಗೂ ಹಾಗೆಯೇ. ಆಫ್ರಿಕಾದ ಆರ್ಡ್‌ವಾರ್ಕ್ ಕೂಡ ಉದ್ದ ನಾಲಿಗೆಯಲ್ಲಿ ಗೆದ್ದಲು ನೆಕ್ಕುತ್ತದೆ. 1766ರಲ್ಲಿ ಪ್ರಾಣಿಶಾಸ್ತ್ರಜ್ಞ ಪಲ್ಲಾಸ್ ಅದಕ್ಕೆ ಹೆಸರಿಡುವಾಗ ಇರುವೆಬಾಕನ ಜಾತಿಗೇ ಸೇರಿಸಿದರು. ಮುಂದೆ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕ್ಯುವಿಯೇ ಈ ಮೂರನ್ನೂ 'ಹಲ್ಲಿಲ್ಲದವು' ಎಂಬ ಒಂದೇ ಗುಂಪಿಗೆ ತಂದರು. ಇಂದು ಡಿಎನ್‌ಎ ಹೇಳುವುದೇ ಬೇರೆ. ಚಿಪ್ಪುಹಂದಿಗೆ ಅತ್ಯಂತ ಹತ್ತಿರದವು ನಾಯಿ, ಬೆಕ್ಕು, ಕರಡಿಗಳಿರುವ ಮಾಂಸಾಹಾರಿ ಗಣ. ಆರ್ಡ್‌ವಾರ್ಕ್ ಆನೆ ಮತ್ತು ಕಡಲಹಸುಗಳ ಕಡೆಗೆ ಸೇರುತ್ತದೆ. ಆ ದೊಡ್ಡ ಆಫ್ರಿಕನ್ ಶಾಖೆಗೆ ಹೆಸರು ಬಂದದ್ದೇ 1998ರಲ್ಲಿ. ಇರುವೆಬಾಕ ಮಾತ್ರ ನಿಜವಾಗಿಯೂ ಸ್ಲಾತ್‌ನ ನೆಂಟ. ಹುತ್ತ ಒಡೆಯುವ ನಾಲ್ಕು ಪ್ರಾಣಿಗಳಲ್ಲಿ ಇಂಗ್ಲಿಷಿನಲ್ಲಿ ಇವತ್ತಿಗೂ 'ಸ್ಲಾತ್ ಬೇರ್' ಎಂದು ಸ್ಲಾತ್‌ನ ಹೆಸರು ಹೊತ್ತದ್ದು ನಮ್ಮ ಕರಡಿ, ಆ ನೆಂಟಸ್ತನ ಇರುವುದು ಇರುವೆಬಾಕನಿಗೆ!

ಹಾಗಾದರೆ ಯಾವ ಹೋಲಿಕೆಯನ್ನು ನಂಬಬೇಕು? ಇದಕ್ಕೆ ಸ್ಪಷ್ಟವಾದ ಉತ್ತರ ಕೊಟ್ಟವರು ನೊಣಗಳನ್ನು ಅಧ್ಯಯನ ಮಾಡುತ್ತಿದ್ದ ಜರ್ಮನಿಯ ವಿಲ್ಲಿ ಹೆನ್ನಿಗ್. ಅವರ ಪುಸ್ತಕ ಜರ್ಮನ್ ಭಾಷೆಯಲ್ಲಿ ಬಂದದ್ದು 1950ರಲ್ಲಿ, ಇಂಗ್ಲಿಷಿಗೆ 1966ರಲ್ಲಿ. ಸಭೆಯಲ್ಲಿ ಕನ್ನಡ ಶಿಕ್ಷಕರೂ ಇದ್ದಾರೆ, ಅವರಿಗೆ ಇದು ಬೇಗ ಹಿಡಿಸುತ್ತದೆ. ಹಳಗನ್ನಡ ಕಾವ್ಯವೊಂದರ ಹತ್ತು ತಾಡೋಲೆ ಪ್ರತಿಗಳು ಸಿಕ್ಕಿವೆ ಎನ್ನಿ. ಹತ್ತರಲ್ಲೂ ಸರಿಯಾಗಿರುವ ಪದ್ಯ ಯಾವ ಪ್ರತಿ ಯಾವುದರಿಂದ ಬಂತು ಎಂದು ಹೇಳುವುದಿಲ್ಲ. ಮೂರು ಪ್ರತಿಗಳಲ್ಲಿ ಮಾತ್ರ ಒಂದೇ ಜಾಗದಲ್ಲಿ ಒಂದೇ ಸಾಲು ಬಿಟ್ಟುಹೋಗಿದ್ದರೆ, ಆ ಮೂರೂ ಒಂದೇ ಮೂಲದಿಂದ ನಕಲಾದವು ಎಂದು ಸಂಪಾದಕರು ತೀರ್ಮಾನಿಸುತ್ತಾರೆ. ಹೆನ್ನಿಗ್ ಹೇಳಿದ್ದೂ ಇದನ್ನೇ. ಹಳೆಯ ಪೂರ್ವಜನಿಂದ ಎಲ್ಲರಿಗೂ ಬಂದ ಲಕ್ಷಣಕ್ಕೆ ಇಲ್ಲಿ ಬೆಲೆಯಿಲ್ಲ. ಕೂದಲಿದೆ, ಹಾಲೂಡಿಸುತ್ತದೆ ಎಂದರೆ ಸಸ್ತನಿ ಎಂದಾಯಿತು, ಸಸ್ತನಿಗಳ ಒಳಗೆ ಯಾರು ಯಾರಿಗೆ ಹತ್ತಿರ ಎಂದು ಅದರಿಂದ ತಿಳಿಯುವುದಿಲ್ಲ. ಹೊಸದಾಗಿ ಮೂಡಿ ಕೆಲವರಲ್ಲಿ ಮಾತ್ರ ಹಂಚಿಕೆಯಾದ ಲಕ್ಷಣವೇ ಸಾಕ್ಷಿ. ಯಾವುದು ಹಳತು, ಯಾವುದು ಹೊಸತು ಎಂದು ತಿಳಿಯಲು ಗುಂಪಿನ ಹೊರಗಿನ ಪ್ರಾಣಿಯೊಂದನ್ನು ಪಕ್ಕದಲ್ಲಿಟ್ಟು ನೋಡುತ್ತಾರೆ. ತೋಳ, ಬೆಕ್ಕು, ಕತ್ತೆಕಿರುಬಗಳ ವ್ಯಾಜ್ಯಕ್ಕೆ ಕುರಿಯನ್ನು ಸಾಕ್ಷಿಗೆ ಕರೆಯಬಹುದು.

ಕತ್ತೆಕಿರುಬದ ಮಾತು ಬಂತು, ಬಿಡಲಾರೆ. ನಾಯಿಯ ಹಾಗೆ ಕಾಣುತ್ತದೆ, ನಾಯಿಯ ಹಾಗೆಯೇ ಓಡಾಡುತ್ತದೆ. ವರ್ಗೀಕರಣಕ್ಕೆ ಅಡಿಪಾಯ ಹಾಕಿದ ಲಿನೇಯಸ್ 1758ರಲ್ಲಿ ಅದನ್ನು ನಾಯಿಯ ಜಾತಿಯಲ್ಲಿಯೇ ಇಟ್ಟರು. 1869ರಲ್ಲಿ ವಿಲಿಯಂ ಫ್ಲವರ್ ತಲೆಬುರುಡೆಯನ್ನು ತಿರುಗಿಸಿ ತಳಭಾಗವನ್ನು, ಕಿವಿಯ ಮೂಳೆಯ ಸುತ್ತಲಿನ ರಚನೆಯನ್ನು ನೋಡಿದರು. ಏನು ತಿನ್ನುತ್ತದೆ, ಹೇಗೆ ಓಡುತ್ತದೆ ಎಂಬುದರ ಒತ್ತಡ ಆ ಮೂಲೆಗೆ ಅಷ್ಟಾಗಿ ತಟ್ಟುವುದಿಲ್ಲ. ಕತ್ತೆಕಿರುಬ ಬೆಕ್ಕಿನ ಕಡೆಗೆ ಹೋಯಿತು. ನೂರು ವರ್ಷಗಳ ನಂತರ ಡಿಎನ್‌ಎ ಅದನ್ನು ಒಪ್ಪಿತು. ಕುರಿಹಟ್ಟಿಗೆ ಬರುವ ತೋಳಕ್ಕಿಂತ ಹೊಲದ ಮುಂಗುಸಿಯೇ ಕತ್ತೆಕಿರುಬಕ್ಕೆ ಹತ್ತಿರದ ನೆಂಟ.

ಸಮಯ ಮುಗಿಯಿತು ಎಂಬ ಚೀಟಿ ಬಂದಿದೆ. ಡಿಎನ್‌ಎ ವಿಧಾನದ ಬಗ್ಗೆ ಒಂದು ಗಂಟೆಯ ಮಾತಿತ್ತು, ಎರಡು ನಿಮಿಷದಲ್ಲಿ ಹೇಳುತ್ತೇನೆ. ಡಿಎನ್‌ಎಯಲ್ಲಿರುವುದು ನಾಲ್ಕೇ ಅಕ್ಷರ, ಆದ್ದರಿಂದ ಅಲ್ಲಿಯೂ ಆಕಸ್ಮಿಕ ಹೋಲಿಕೆ ಬರುತ್ತದೆ. ಅದಕ್ಕಾಗಿಯೇ ಸಾವಿರಾರು ಜಾಗಗಳನ್ನು ಒಟ್ಟಿಗೆ ಹೋಲಿಸಿ, ಯಾವ ವಂಶವೃಕ್ಷ ಎಲ್ಲ ಸಾಕ್ಷ್ಯಗಳಿಗೂ ಚೆನ್ನಾಗಿ ಹೊಂದುತ್ತದೆ ಎಂದು ಹುಡುಕುತ್ತಾರೆ. ಮೂರು ಪ್ರಭೇದಗಳಿಗೆ ಸಾಧ್ಯವಿರುವ ವೃಕ್ಷಗಳು 3. ನಾಲ್ಕಕ್ಕೆ 15. ಹತ್ತಕ್ಕೆ 3,44,59,425! ನಾಲ್ಕರದ್ದನ್ನು ಮಕ್ಕಳಿಂದ ಕಪ್ಪುಹಲಗೆಯ ಮೇಲೆ ಬರೆಸಿ, ಹದಿನೈದೂ ಸಿಗುವವರೆಗೆ ತರಗತಿ ಬಿಡಬೇಡಿ. ಕವಲೊಡೆದ ಕಾಲವನ್ನು ಪಳೆಯುಳಿಕೆಗಳ ವಯಸ್ಸಿನಿಂದ ಹೇಗೆ ಅಳೆಯುತ್ತಾರೆ ಎಂಬುದನ್ನು ಪೂರ್ತಿ ಕೈಬಿಡುತ್ತಿದ್ದೇನೆ.

ಕೊನೆಯ ವಿಷಯ, ಇದನ್ನು ಹೇಳದೆ ಇಳಿಯಲಾರೆ. ಪ್ರಭೇದ ಎಂದರೇನು ಎಂಬ ಪ್ರಶ್ನೆಗೆ ಜೀವವಿಜ್ಞಾನಿ ಅರ್ನ್‌ಸ್ಟ್ ಮೇಯರ್ (ಕರಡಿಗೆ ಹೆಸರಿಟ್ಟ ಮೇಯರ್ ಅಲ್ಲ, ಬೇರೆಯವರು) 1942ರಲ್ಲಿ ಕೊಟ್ಟ ಉತ್ತರವನ್ನು ನಾವು ಪಾಠ ಮಾಡುತ್ತೇವೆ: ತಮ್ಮತಮ್ಮಲ್ಲಿ ಸಂತಾನ ಬೆಳೆಸುವ, ಬೇರೆಯವುಗಳೊಡನೆ ಬೆರೆಯದ ಸಮೂಹ. ಆದರೆ ತೋಳವೂ ನಾಯಿಯೂ ಕೂಡಿದರೆ ಮರಿಗಳಾಗುತ್ತವೆ, ಆ ಮರಿಗಳಿಗೂ ಮರಿಗಳಾಗುತ್ತವೆ. ಗಡಿ ಅಲ್ಲಿ ಮಸುಕು. ನಮ್ಮ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಈಗ ತೋಳಗಳಿಗೆಂದೇ ಧಾಮವಾಗಿದೆ. 2021ರಲ್ಲಿ ಪ್ರಕಟವಾದ ಪೂರ್ಣ ಜೀನೋಮ್ ಅಧ್ಯಯನವು, ಅಂದರೆ ಇಡೀ ಡಿಎನ್‌ಎಯನ್ನು ಓದಿದ ಅಧ್ಯಯನವು, ಬದುಕಿರುವ ತೋಳಗಳಲ್ಲಿಯೇ ಬಹಳ ಹಿಂದೆ ಕವಲೊಡೆದ ಶಾಖೆಗಳಲ್ಲಿ ಭಾರತದ ತೋಳವೂ ಒಂದು ಎಂದು ತೋರಿಸಿತು. ಅದನ್ನು ಜಗತ್ತಿನ ಬೂದು ತೋಳದೊಡನೆ ಸೇರಿಸಿ ಎಣಿಸಿದರೆ ಅಪಾಯವಿಲ್ಲದ ಪ್ರಾಣಿಗಳ ಪಟ್ಟಿಗೆ ಸೇರುತ್ತದೆ, ಏಕೆಂದರೆ ಕೆನಡಾ, ರಷ್ಯಾಗಳಲ್ಲಿ ತೋಳಗಳು ಸಾಕಷ್ಟಿವೆ. ಪ್ರತ್ಯೇಕ ಶಾಖೆ ಎಂದು ಎಣಿಸಿದರೆ ಇಲ್ಲಿನ ಬಯಲಿನಲ್ಲಿ ಉಳಿದಿರುವ ಪ್ರತಿಯೊಂದು ಗುಂಪೂ ಲೆಕ್ಕಕ್ಕೆ ಬರುತ್ತದೆ. ಬೀದಿನಾಯಿಗಳೊಡನೆ ಅವು ಬೆರೆಯದಂತೆ ನೋಡಿಕೊಳ್ಳಬೇಕು ಎಂಬ ವಾದಕ್ಕೂ ಆಗ ಬಲ ಬರುತ್ತದೆ. ವರ್ಗೀಕರಣ ಪರೀಕ್ಷೆಯ ಎರಡು ಅಂಕದ ಪ್ರಶ್ನೆ ಎಂದುಕೊಂಡಿರುವ ನಿಮ್ಮ ವಿದ್ಯಾರ್ಥಿಗಳನ್ನು ಬಂಕಾಪುರಕ್ಕೆ ಕರೆದೊಯ್ಯಿರಿ, ಈ ವಾದವನ್ನು ಅಲ್ಲಿಯೇ ನಿಂತು ನಡೆಸಲಿ.

ಪ್ರಶ್ನೆಗಳಿಗೆ ಊಟದ ನಂತರವೂ ನಾನು ಇಲ್ಲಿಯೇ ಇರುತ್ತೇನೆ. ನಮಸ್ಕಾರ.